ಡೀಬಗರ್‌ನೊಳಗೆ ತೆರವಿನ ಕ್ರಮ

ಪ್ರೋಗ್ರಾಮಿನ ತಪ್ಪು ಹುಡುಕುವುದಕ್ಕಾಗಿ ಅದನ್ನು ಬೇಕೆಂದ ಸಾಲಿನಲ್ಲಿ ನಿಲ್ಲಿಸಿ ಒಳಗಿನ ಸ್ಥಿತಿಯನ್ನು ತೋರಿಸುವ ತಂತ್ರಾಂಶಕ್ಕೆ ಡೀಬಗರ್ ಎಂದು ಹೆಸರು. ಇವುಗಳಲ್ಲಿ ಪ್ರಸಿದ್ಧವಾದ ಜಿಡಿಬಿಯನ್ನು ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ರಚಿಸಿದರು. ಅದು ಮುಕ್ತ ತಂತ್ರಾಂಶವಾದ್ದರಿಂದ ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಡೀಬಗರ್ ತನ್ನ ಕೆಲಸಕ್ಕಾಗಿ ಮೆಮೊರಿ, ತೆರೆದ ಫೈಲುಗಳು, ಪರೀಕ್ಷೆಗೊಳಗಾದ ಪ್ರೋಗ್ರಾಮಿನ ಮೇಲಿನ ಹಿಡಿತ ಮುಂತಾದ ಸಂಪನ್ಮೂಲಗಳನ್ನು ಒಂದನ್ನು ಆಧರಿಸಿ ಇನ್ನೊಂದರಂತೆ ಪಡೆಯುತ್ತದೆ. ರೋಣ, ನರಗುಂದದ ಎರೆಹೊಲಗಳಿಂದ ಕಡಲೆ ಚೀಲ ಹೇರಿಕೊಂಡು ಬಂದ ಟ್ರ್ಯಾಕ್ಟರಿನಿಂದ ಕೊನೆಗೆ ಹೇರಿದ ಚೀಲವೇ ಮೊದಲು ಇಳಿಯುವಂತೆ, ಇವನ್ನೂ ಸಾಮಾನ್ಯವಾಗಿ ಪಡೆದ ಕ್ರಮಕ್ಕೆ ವಿರುದ್ಧವಾಗಿ ಬಿಟ್ಟುಕೊಡಬೇಕು.

ಈ ಕ್ರಮದ ಮಹತ್ವವು ಬ್ರೇಕ್‌ಪಾಯಿಂಟಿನಲ್ಲಿ, ಅಂದರೆ ಪ್ರೋಗ್ರಾಮನ್ನು ನಿಲ್ಲಿಸಲು ಗುರುತಿಸಿದ ಜಾಗದಲ್ಲಿ, ಸ್ಪಷ್ಟವಾಗುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಡೀಬಗರ್ ಆ ಜಾಗದ ಒಂದು ಬೈಟನ್ನು ತೆಗೆದು ಅಲ್ಲಿ ತಡೆಯುವ ಆದೇಶವನ್ನಿಟ್ಟು, ಮೂಲ ಬೈಟನ್ನು ತನ್ನ ದಾಖಲೆಯಲ್ಲಿ ಕಾಪಾಡುತ್ತದೆ. ಹೊರಡುವಾಗ ಮೊದಲು ಮೂಲ ಬೈಟನ್ನು ಮರಳಿಸಿ, ಬಳಿಕ ಹಿಡಿತ ಸಡಿಲಿಸಿ, ಕೊನೆಗೆ ದಾಖಲೆಯನ್ನು ಅಳಿಸಬೇಕು. ಹಿಡಿತವನ್ನೇ ಮೊದಲು ಬಿಟ್ಟರೆ ಪ್ರೋಗ್ರಾಮು ಉಳಿದ ತಡೆಗೆ ಸಿಕ್ಕಿ ಅಲ್ಲಿಯೇ ಕೊನೆಗೊಳ್ಳಬಹುದು. ದಾಖಲೆಯನ್ನೇ ಮೊದಲು ಅಳಿಸಿದರೆ ಮೂಲ ಬೈಟೇ ಕಳೆದುಹೋಗುತ್ತದೆ.

ಜಿಡಿಬಿ ಬಹುಕಾಲ ಸಿ ಭಾಷೆಯಲ್ಲಿದ್ದು, ಬಿಟ್ಟುಕೊಡಬೇಕಾದುದನ್ನೆಲ್ಲ ಪ್ರೋಗ್ರಾಮರರೇ ನೆನಪಿಟ್ಟು ‘ಕ್ಲೀನಪ್’ ಎಂಬ ಸರಪಳಿಗೆ ಸೇರಿಸಬೇಕಾಗಿತ್ತು. 2017ರ 8.0 ಆವೃತ್ತಿಯಿಂದ ಸಿ ಪ್ಲಸ್ ಪ್ಲಸ್ 11 ಕಡ್ಡಾಯವಾಗಿ, ಈ ಹೊಣೆ ಕ್ರಮೇಣ ಡಿಸ್ಟ್ರಕ್ಟರ್‌ಗಳಿಗೆ, ಅಂದರೆ ವಸ್ತುವಿನ ಆಯುಷ್ಯ ಮುಗಿದೊಡನೆ ತಾವಾಗಿಯೇ ನಡೆಯುವ ತೆರವಿನ ಫಂಕ್ಷನ್ನುಗಳಿಗೆ ವರ್ಗವಾಯಿತು.

ಆದರೂ ಎಚ್ಚರ ಬೇಕು. ಕ್ಲಾಸಿನೊಳಗಿನ ಸದಸ್ಯರು ಘೋಷಿತವಾದ ಕ್ರಮಕ್ಕೆ ವಿರುದ್ಧವಾಗಿ ನಾಶವಾಗುವುದರಿಂದ, ಆಧಾರವಾಗಿರುವ ಸದಸ್ಯನನ್ನು ಅವಲಂಬಿತ ಸದಸ್ಯನ ನಂತರ ಘೋಷಿಸಿದರೆ ಆಧಾರವೇ ಮೊದಲು ಅಳಿಯುತ್ತದೆ, ಮತ್ತು ಅವಲಂಬಿತ ಸದಸ್ಯನ ಡಿಸ್ಟ್ರಕ್ಟರ್ ಅದನ್ನು ಬಳಸಹೊರಟರೆ ಆಗಲೇ ತೆರವಾದ ಮೆಮೊರಿಗೆ ಕೈಹಾಕುತ್ತದೆ. ತಿದ್ದುಪಡಿ ಎರಡು ಸಾಲುಗಳ ಅದಲುಬದಲಷ್ಟೇ ಆಗಿರಬಹುದಾದರೂ, ತೆರವಾದ ಮೆಮೊರಿಯಲ್ಲಿ ಹಳೆಯ ಮಾಹಿತಿ ಕೆಲಕಾಲ ಉಳಿಯಬಹುದಾದ್ದರಿಂದ ದೋಷ ಪ್ರತಿಬಾರಿ ಕಾಣಿಸಿಕೊಳ್ಳದು. ಅದನ್ನು ಹಿಡಿಯಲು ಅಡ್ರೆಸ್ ಸ್ಯಾನಿಟೈಜರ್‌ನಂಥ ಪರೀಕ್ಷಾ ಸಾಧನಗಳು ನೆರವಾಗುತ್ತವೆ.

ಪಡೆಯುವುದನ್ನಷ್ಟೇ ಕಲಿಸಿ ಬಿಟ್ಟುಕೊಡುವುದನ್ನು ಕಲಿಸದ ಪ್ರೋಗ್ರಾಮಿಂಗ್ ಪಾಠ ಅಪೂರ್ಣ. ರೋಣ, ನರಗುಂದ, ಗಜೇಂದ್ರಗಡದ ಕಂಪ್ಯೂಟರ್ ವಿದ್ಯಾರ್ಥಿಗಳು ಜಿಡಿಬಿಯ ಸೋರ್ಸ್ ಕೋಡನ್ನು ತೆರೆದು ಓದಬೇಕು, ತಾವು ಬರೆಯುವ ಕೋಡಿನಲ್ಲಿ ತೆರವಿನ ಕ್ರಮದ ಪಕ್ಕದಲ್ಲೇ ಅದರ ಕಾರಣವನ್ನೂ ದಾಖಲಿಸಬೇಕು.