ಮಗ ದಾರಿ ತಪ್ಪಿದಾಗ ಮುಚ್ಚಿಡುವುದೇ, ಕೈ ಹಿಡಿಯುವುದೇ?

ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಹಣ ಕಾಣೆಯಾದರೆ ನಾವು ಮೊದಲು ಆಳಿನ ಮೇಲೆ ಸಂಶಯಪಡುತ್ತೇವೆ. ತೆಗೆದವನು ಮನೆಯ ಮಗನೇ ಎಂದು ತಿಳಿದ ದಿನ ಬಾಯಿ ಮುಚ್ಚಿಕೊಳ್ಳುತ್ತೇವೆ. ಅವನು ಶಾಲೆ ತಪ್ಪಿಸಿದರೂ, ತಾಯಿಯ ಮೇಲೆ ಕೈ ಎತ್ತಿದರೂ ಮಾತು ಹೊಸಿಲು ದಾಟಬಾರದು. ಮಗಳ ಸಂಬಂಧ ಕೆಡಬಾರದು, ಪೇಟೆಯಲ್ಲಿ ಪತ್ತು ಹೋಗಬಾರದು. ಕೊನೆಗೆ ಅವನನ್ನು ದೂರದ ಸೋದರಮಾವನ ಅಂಗಡಿಗೆ ಕಳಿಸುವುದು ನಮ್ಮ ಮನೆಗಳ ಹಳೆಯ ಉಪಾಯ. ಊರು ಬದಲಾಗುತ್ತದೆ, ಹುಡುಗ ಬದಲಾಗುವುದಿಲ್ಲ.

ಹೀಗೆ ಮುಚ್ಚಿಡಲು ಕಾರಣ ಪೊಲೀಸು, ಕೋರ್ಟು, ರಿಮಾಂಡ್ ಹೋಮ್ ಎಂಬ ಮೂರು ಶಬ್ದಗಳ ಭಯ. ಆ ಭಯ ಎಷ್ಟು ನಿಜವೆಂದು ನೋಡೋಣ.

ಮುಂಬಯಿ ಪ್ರಾಂತದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಕಾಯ್ದೆ ಬಂದದ್ದು 1924ರಷ್ಟು ಹಿಂದೆ. 1986ರ ಬಾಲನ್ಯಾಯ ಕಾಯ್ದೆಯಲ್ಲಿ, ‘ಮಗ ನಮ್ಮ ಹತೋಟಿಗೆ ಬರುತ್ತಿಲ್ಲ’ ಎಂದು ತಂದೆತಾಯಿಗಳೇ ದೂರು ಕೊಟ್ಟರೆ ವಿಚಾರಣೆಗಾಗಿ ಅವನನ್ನು ಮೂರು ವಾರಗಳವರೆಗೆ ಸರ್ಕಾರಿ ಗೃಹದಲ್ಲಿ ಇಡಲು ಅವಕಾಶವಿತ್ತು. 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಕಾಯ್ದೆಯಲ್ಲಿ ಆ ಕಲಮು ಇಲ್ಲ. ಮಗುವನ್ನು ಮನೆಯಿಂದ ದೂರವಿಡುವುದು ಕೊನೆಯ ಉಪಾಯ ಎಂಬುದು ಇಂದಿನ ಕಾನೂನಿನ ತತ್ತ್ವ.

ಆದ್ದರಿಂದ ಮೊದಲ ಹೆಜ್ಜೆ ಕೋರ್ಟಿನದಲ್ಲ, ವೈದ್ಯರದು. ಹಟ, ಸಿಟ್ಟು, ಕಳವಿನ ಹಿಂದೆ ಎಷ್ಟೋ ಸಲ ಓದು ತಲೆಗೆ ಹತ್ತದ ತೊಂದರೆ, ಮನೋರೋಗ, ಇಲ್ಲವೆ ವ್ಯಸನ ಇರುತ್ತದೆ. ಸೊಲ್ಲಾಪುರದಲ್ಲಿ ನಾವು ‘ಸಿವಿಲ್’ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಣ ಬೇಕಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಮಗುವೇ ಸಂಕಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಇನ್ನು ವಿಷಯ ಪೊಲೀಸರವರೆಗೆ ಹೋಯಿತೆನ್ನಿ. ಅಕ್ಕಲಕೋಟೆಯ ಹದಿನೈದರ ಹುಡುಗನೊಬ್ಬ ತನ್ನ ವಯಸ್ಸಿನ ಗೆಳೆಯರೊಡನೆ ಯಾರದೋ ಮೋಟಾರ್ ಸೈಕಲ್ ಒಯ್ದನೆಂದು ಭಾವಿಸೋಣ. ಇಂಥ ಸಣ್ಣ ಅಪರಾಧಕ್ಕೆ ಪೊಲೀಸರು ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದು ಬಾಲನ್ಯಾಯ ಮಂಡಳಿಗೆ ತಿಳಿಸಬೇಕು. ಹುಡುಗನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ. ಹಿಡಿದರೆ ತಂದೆತಾಯಿಗೆ ತಿಳಿಸಿ, ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಮಂಡಳಿಯ ಮುಂದೆ ನಿಲ್ಲಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಜಾಮೀನು ಕೊಡುವುದೇ ಅಲ್ಲಿಯ ನಿಯಮ. ಬಿಟ್ಟರೆ ಕೆಟ್ಟವರ ಕೈಗೆ ಸಿಕ್ಕಾನು, ಅಪಾಯಕ್ಕೆ ಒಳಗಾದಾನು, ನ್ಯಾಯಕ್ಕೆ ಧಕ್ಕೆಯಾದೀತು ಎಂದು ಕಂಡಾಗ ಮಾತ್ರ ನಿರಾಕರಣೆ.

ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಅಡಚಣೆ ನಮ್ಮ ಗಡಿಭಾಗದ ಮಕ್ಕಳಿಗೆ ಸಹಜ. ಹುಡುಗನಿಗೆ ಭಾಷೆ ತಿಳಿಯದಿದ್ದರೆ ದುಭಾಷಿಯನ್ನು ಕೊಡಿಸುವುದು ಮಂಡಳಿಯ ಕರ್ತವ್ಯ. ವಕೀಲರ ನೆರವೂ ಉಚಿತ. ಕಾನೂನು ಸೇವಾ ಪ್ರಾಧಿಕಾರದ ದೂರವಾಣಿ 15100.

ಮುಂದೆ ಪರಿವೀಕ್ಷಣಾಧಿಕಾರಿ ಮನೆತನದ ಸ್ಥಿತಿ, ಶಾಲೆ, ಸಂಗಾತಿಗಳ ವಿಚಾರ ತಿಳಿದು ಎರಡು ವಾರದಲ್ಲಿ ವರದಿ ಕೊಡಬೇಕು. ನಮ್ಮ ಮನೆಗಳು ಎಡವುವುದು ಇಲ್ಲಿಯೇ. ‘ನಮ್ಮ ಹುಡುಗ ಬಹಳ ಶಾಂತ, ಗೆಳೆಯರೇ ಕೆಡಿಸಿದರು’ ಎಂದು ಹೇಳಿ ಚಹಾ ಕೊಟ್ಟು ಕಳಿಸುತ್ತೇವೆ. ಆದರೆ ಮಂಡಳಿ ಹುಡುಗನ ನೆರವಿಗೆ ಏನು ಮಾಡಬೇಕೆಂದು ನಿರ್ಧರಿಸುವುದು ಆ ವರದಿ ನೋಡಿ. ತಂದೆ ಹೊಡೆಯುವುದು, ಗಂಡಹೆಂಡಿರ ಜಗಳ, ಹುಡುಗನ ಗುಟಕಾ ಚಟ, ಎಲ್ಲವನ್ನೂ ನಿಜವಾಗಿ ಹೇಳಿದರೆ ತಕ್ಕ ಉಪಾಯ ಸಿಕ್ಕೀತು.

ಬುದ್ಧಿವಾದ ಹೇಳಿ ಮನೆಗೆ ಕಳಿಸುವುದು, ಸಲಹೆಗಾರರ ಬಳಿ ಕೂರಿಸುವುದು, ಸಮಾಜಸೇವೆ, ದಂಡ, ಮೂರು ವರ್ಷದವರೆಗೆ ತಂದೆತಾಯಿಯ ಹೊಣೆಯಲ್ಲಿ ಸನ್ನಡತೆಯ ಮೇಲೆ ಬಿಡುವುದು ಇವೆಲ್ಲ ಮಂಡಳಿಯ ಆಜ್ಞೆಗಳು. ವಿಶೇಷ ಗೃಹಕ್ಕೆ ಕಳಿಸಿದರೂ ಮೂರು ವರ್ಷ ಮೀರುವಂತಿಲ್ಲ. ಹದಿನಾರು ದಾಟಿದವರ ಘೋರ ಅಪರಾಧಗಳಿಗೆ ಮಾತ್ರ ಬೇರೆ ವಿಧಿಗಳಿವೆ. ಮಗುವಿನ ಹೆಸರು, ಭಾವಚಿತ್ರ ಪತ್ರಿಕೆಯಲ್ಲಿ ಬರುವಂತಿಲ್ಲ. ಇಂಥ ಸಣ್ಣ ತಪ್ಪು ಮುಂದೆ ಅವನ ನೌಕರಿಗೂ ಅಡ್ಡಿಯಾಗದು. ಅಬ್ರು ಹೋದೀತೆಂದು ನಾವು ಅಂಜುತ್ತೇವೆ, ಕಾನೂನು ಅದನ್ನೇ ಕಾಯುತ್ತದೆ.

ವ್ಯಾಪಾರಿಗಳಾದ ನಮಗೆ ಇನ್ನೊಂದು ಮೋಹವಿದೆ: ಯಾರಿಗಾದರೂ ನಾಲ್ಕು ಕಾಸು ಕೊಟ್ಟು ಬಿಡಿಸಿಕೊಳ್ಳೋಣ ಎಂಬುದು. ಹಾಗೆ ಬಿಡಿಸಿದ ಮಗ ಕಲಿಯುವುದು ಒಂದೇ ಪಾಠ, ತಪ್ಪಿಗೂ ದರವಿದೆ ಎಂದು. ಕಿರ್ದಿಯಲ್ಲಿ ತಪ್ಪು ಬಿದ್ದರೆ ನಮ್ಮ ಹಿರಿಯರು ಹಾಳೆ ಹರಿಯುತ್ತಿರಲಿಲ್ಲ. ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದರು. ಮಕ್ಕಳ ವಿಷಯದಲ್ಲಿಯೂ ಆ ರೂಢಿ ನಮಗಿರಲಿ. ನೆರೆಮನೆಯ ಹುಡುಗ ಎಡವಿದಾಗ ಸಂತೆಯ ಸುದ್ದಿ ಮಾಡದೆ, ಅವನ ತಾಯಿಯ ಬಳಿ ಹೋಗಿ ಒಂದು ಗಳಿಗೆ ಕುಳಿತು ಬರೋಣ.