ಸೋಯಾ ಮೇಣದ ಸಾಬೂನಿನಲ್ಲಿ ಕ್ಷಾರದ ಲೆಕ್ಕಾಚಾರ

ಸೋಯಾ ಮೇಣದ ಸಾಬೂನಿನಲ್ಲಿ ಕ್ಷಾರದ ಲೆಕ್ಕಾಚಾರವೆಂದರೆ, ಸೋಯಾ ಮೇಣ ಬೆರೆತ ಎಣ್ಣೆಗಳ ಮಿಶ್ರಣವನ್ನು ಸಾಬೂನಾಗಿ ಪರಿವರ್ತಿಸಲು ಬೇಕಾಗುವ ಕಾಸ್ಟಿಕ್ ಸೋಡಾದ (ಸೋಡಿಯಂ ಹೈಡ್ರಾಕ್ಸೈಡ್) ತೂಕವನ್ನು ನಿರ್ಧರಿಸುವ ಕ್ರಮ. ಕ್ಷಾರ ತೀರ ಕಡಿಮೆಯಾದರೆ ಸಾಬೂನು ಮೆತ್ತಗಾಗಿ ಜಿಡ್ಡು ಬಿಡುತ್ತದೆ. ಹೆಚ್ಚಾದರೆ ಉಳಿದ ಕ್ಷಾರವು ಚರ್ಮಕ್ಕೆ ಹಾನಿ ಮಾಡುತ್ತದೆ.

ಸೋಯಾ ಮೇಣದ ಸ್ವರೂಪ

ಹೆಸರಿನಲ್ಲಿ ಮೇಣವೆಂದಿದ್ದರೂ ಇದು ರಾಸಾಯನಿಕವಾಗಿ ಕೊಬ್ಬು. ಸೋಯಾ ಅವರೆಯ ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಗೊಳಿಸಿದಾಗ ಇದು ದೊರೆಯುತ್ತದೆ. ಈ ಕ್ರಿಯೆಯಲ್ಲಿ ಅಣುವಿನ ತೂಕ ಅತ್ಯಲ್ಪವಾಗಿ ಮಾತ್ರ ಹೆಚ್ಚುವುದರಿಂದ, ದ್ರವರೂಪದ ಸೋಯಾ ಎಣ್ಣೆಗೂ ಸೋಯಾ ಮೇಣಕ್ಕೂ ಬೇಕಾಗುವ ಕ್ಷಾರದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇದರಲ್ಲಿರುವ ಸ್ಟಿಯರಿಕ್ ಆಮ್ಲವು ಸಾಬೂನಿಗೆ ಗಟ್ಟಿತನವನ್ನು ಕೊಡುತ್ತದೆ.

ಸಾಬೂನೀಕರಣ ಮೌಲ್ಯ

ಕೊಬ್ಬು ಮತ್ತು ಕ್ಷಾರಗಳು ವರ್ತಿಸಿ ಸಾಬೂನು ಮತ್ತು ಗ್ಲಿಸರಿನ್ ಆಗುವುದನ್ನು ಸಾಬೂನೀಕರಣ ಎನ್ನುತ್ತಾರೆ. 1 ಗ್ರಾಂ ಕೊಬ್ಬನ್ನು ಸಾಬೂನಾಗಿಸಲು ಬೇಕಾಗುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮಿಲಿಗ್ರಾಂ ಪ್ರಮಾಣವೇ ಸಾಬೂನೀಕರಣ ಮೌಲ್ಯ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಅಣುತೂಕ 56.1, ಸೋಡಿಯಂ ಹೈಡ್ರಾಕ್ಸೈಡಿನದು 40. ಆದ್ದರಿಂದ ಆ ಮೌಲ್ಯವನ್ನು 0.713ರಿಂದ ಗುಣಿಸಿ 1000ದಿಂದ ಭಾಗಿಸಿದರೆ, 1 ಗ್ರಾಂ ಕೊಬ್ಬಿಗೆ ಬೇಕಾಗುವ ಕಾಸ್ಟಿಕ್ ಸೋಡಾ ಗ್ರಾಂಗಳಲ್ಲಿ ದೊರೆಯುತ್ತದೆ. ಸ್ಥೂಲವಾಗಿ ಸೋಯಾ ಮೇಣಕ್ಕೆ 0.136, ಆಲಿವ್ ಎಣ್ಣೆಗೆ 0.134, ತೆಂಗಿನ ಎಣ್ಣೆಗೆ 0.183 ಗ್ರಾಂ ಬೇಕು.

ಉದಾಹರಣೆ

500 ಗ್ರಾಂ ಆಲಿವ್ ಎಣ್ಣೆ, 300 ಗ್ರಾಂ ತೆಂಗಿನ ಎಣ್ಣೆ ಹಾಗೂ 200 ಗ್ರಾಂ ಸೋಯಾ ಮೇಣದ ಮಿಶ್ರಣವನ್ನು ಪರಿಗಣಿಸೋಣ.

- ಆಲಿವ್ ಎಣ್ಣೆ: 500 × 0.134 = 67.0 ಗ್ರಾಂ
- ತೆಂಗಿನ ಎಣ್ಣೆ: 300 × 0.183 = 54.9 ಗ್ರಾಂ
- ಸೋಯಾ ಮೇಣ: 200 × 0.136 = 27.2 ಗ್ರಾಂ
- ಒಟ್ಟು: 149.1 ಗ್ರಾಂ

ಎಣ್ಣೆಗಳ ಗುಣ ಒಂದೊಂದು ಬಾರಿ ಸ್ವಲ್ಪ ವ್ಯತ್ಯಾಸವಾಗುವುದರಿಂದ, ಒಟ್ಟು ಕ್ಷಾರದಲ್ಲಿ ಸಾಮಾನ್ಯವಾಗಿ ಶೇಕಡಾ 5ರಷ್ಟನ್ನು ಕಡಿಮೆ ಮಾಡುತ್ತಾರೆ. ಆಗ 149.1 × 0.95 = 141.6 ಗ್ರಾಂ ಸಾಕಾಗುತ್ತದೆ; ಸ್ವಲ್ಪ ಎಣ್ಣೆ ಸಾಬೂನಿನಲ್ಲಿ ಹಾಗೆಯೇ ಉಳಿಯುತ್ತದೆ.

ಬೆರಕೆ ಮೇಣದ ಅಪಾಯ

ಮೇಣದ ಬತ್ತಿಗಾಗಿ ಮಾರುವ ಕೆಲವು ಸೋಯಾ ಮೇಣಗಳಲ್ಲಿ ಪ್ಯಾರಾಫಿನ್ ಬೆರೆತಿರುತ್ತದೆ. ಪ್ಯಾರಾಫಿನ್ ಖನಿಜ ತೈಲದಿಂದ ಬಂದದ್ದು. ಅದು ಕ್ಷಾರದೊಡನೆ ವರ್ತಿಸುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 200 ಗ್ರಾಂ ಮೇಣದ ಅರ್ಧದಷ್ಟು ಪ್ಯಾರಾಫಿನ್ ಆಗಿದ್ದರೆ, ನಿಜವಾಗಿ ಬೇಕಾದ ಕ್ಷಾರ 135.5 ಗ್ರಾಂ ಮಾತ್ರ. ಶೇಕಡಾ 5ರ ಕಡಿತವನ್ನು ಮಾಡಿದ ಮೇಲೂ ಸುಮಾರು 6 ಗ್ರಾಂ ಕಾಸ್ಟಿಕ್ ಸೋಡಾ ಸಾಬೂನಿನಲ್ಲಿ ಉಳಿದುಬಿಡುತ್ತದೆ. ಆದುದರಿಂದ ಪೂರ್ಣವಾಗಿ ಸೋಯಾ ಎಣ್ಣೆಯಿಂದಲೇ ತಯಾರಾದ, ಬಣ್ಣ ಮತ್ತು ಸುಗಂಧ ಸೇರಿಸದ ಮೇಣವನ್ನಷ್ಟೇ ಬಳಸಬೇಕು.

ಮುನ್ನೆಚ್ಚರಿಕೆಗಳು

- ಎಲ್ಲ ಪದಾರ್ಥಗಳನ್ನೂ ತಕ್ಕಡಿಯಲ್ಲಿ ತೂಗಬೇಕು. ಚಮಚ, ಲೋಟಗಳ ಅಳತೆ ಸಲ್ಲದು.
- ಕಾಸ್ಟಿಕ್ ಸೋಡಾವನ್ನು ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ ಸೋಡಾದ ಮೇಲೆ ನೀರನ್ನು ಸುರಿದರೆ ಅದು ಕುದಿದು ಸಿಡಿಯಬಹುದು.
- ಅಲ್ಯೂಮಿನಿಯಂ ಪಾತ್ರೆಯನ್ನು ಬಳಸಬಾರದು. ಅದು ಕ್ಷಾರದೊಡನೆ ವರ್ತಿಸಿ ಜಲಜನಕ ಅನಿಲವನ್ನು ಬಿಡುಗಡೆ ಮಾಡುತ್ತದೆ.
- ಕೈಗವಸು ಮತ್ತು ರಕ್ಷಣಾ ಕನ್ನಡಕ ಧರಿಸಬೇಕು. ಕ್ಷಾರ ಮೈಮೇಲೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಬೇಕು.
- ಕಾಸ್ಟಿಕ್ ಸೋಡಾ ಗಾಳಿಯ ತೇವವನ್ನು ಹೀರಿ ಸತ್ತ್ವ ಕಳೆದುಕೊಳ್ಳುವುದರಿಂದ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು.