ನೇತ್ರಾವತಿ ನದಿಯ ನೆರೆ ಮತ್ತು ಪ್ರವಾಹ ಮಾದರೀಕರಣ

ಪ್ರವಾಹ ಮಾದರೀಕರಣವು ಮಳೆಯಿಂದ ನದಿಗೆ ಬರುವ ನೀರಿನ ಪ್ರಮಾಣವನ್ನೂ ಆ ನೀರು ದಡ ಮೀರಿ ಆವರಿಸಬಹುದಾದ ಪ್ರದೇಶವನ್ನೂ ಗಣಿತದ ಮೂಲಕ ಅಂದಾಜಿಸುವ ವಿಧಾನ. ದಕ್ಷಿಣ ಕನ್ನಡ ಜಿಲ್ಲೆಯ ನೇತ್ರಾವತಿಯಂತಹ ನದಿಗಳಿಗೆ ಇದು ಬಹಳ ಅಗತ್ಯ. ಘಟ್ಟದಲ್ಲಿ ಸುರಿದ ಮಳೆಯು ಬೇಗನೆ ತಗ್ಗು ಪ್ರದೇಶವನ್ನು ತಲಪುವುದರಿಂದ ಇಲ್ಲಿ ಮುನ್ನೆಚ್ಚರಿಕೆಗೆ ದೊರೆಯುವ ಸಮಯ ಅಲ್ಪ.

ಹಿನ್ನೆಲೆ

ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿಯು ಬೆಳ್ತಂಗಡಿ ತಾಲೂಕಿನಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ದಾಟಿ ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. 1923 ಮತ್ತು 1974ರಲ್ಲಿ ಬಂಟ್ವಾಳ ಪರಿಸರವು ದೊಡ್ಡ ನೆರೆಗಳನ್ನು ಕಂಡಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಪರಿಸರದಲ್ಲಿ ಭಾರಿ ಮಳೆಯೊಂದಿಗೆ ಭೂಕುಸಿತಗಳೂ ಸಂಭವಿಸಿದವು. ಬಂಟ್ವಾಳದಲ್ಲಿ ನದಿಯು 8.5 ಮೀಟರ್‌ಗಳ ಅಪಾಯದ ಮಟ್ಟವನ್ನು ಮೀರಿ ಹರಿಯಿತು.

ಮಾದರಿಯ ಹಂತಗಳು

ಮೊದಲನೆಯದು ಜಲವಿಜ್ಞಾನ ಮಾದರಿ. ಮಳೆ, ಮಣ್ಣು, ಇಳಿಜಾರು ಹಾಗೂ ಭೂಬಳಕೆಯ ಆಧಾರದಲ್ಲಿ ಎಷ್ಟು ನೀರು ಇಂಗುತ್ತದೆ, ಎಷ್ಟು ನೀರು ಯಾವಾಗ ನದಿಗೆ ಬರುತ್ತದೆ ಎಂಬುದನ್ನು ಇದು ಲೆಕ್ಕಹಾಕುತ್ತದೆ. ಎರಡನೆಯದಾದ ಹೈಡ್ರಾಲಿಕ್ ಮಾದರಿಯು ಈ ಹರಿವನ್ನು ನದೀಪಾತ್ರದ ಆಕಾರ, ಒರಟುತನ, ಸೇತುವೆ, ಅಣೆಕಟ್ಟುಗಳೊಂದಿಗೆ ಸೇರಿಸಿ ನೀರಿನ ಎತ್ತರವನ್ನು ತಿಳಿಸುತ್ತದೆ. ನೇತ್ರಾವತಿಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟು ಮತ್ತು ಅಳಿವೆಯ ಬಳಿಯ ಸಮುದ್ರದ ಉಬ್ಬರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೆರಿಕದ ಸೇನಾ ಎಂಜಿನಿಯರುಗಳ ದಳವು ರೂಪಿಸಿದ ಹೆಕ್-ಎಚ್‌ಎಂಎಸ್ ಮತ್ತು ಹೆಕ್-ರಾಸ್ ಎಂಬ ಉಚಿತ ತಂತ್ರಾಂಶಗಳು ಕ್ರಮವಾಗಿ ಈ ಎರಡು ಹಂತಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ.

ನೂರು ವರ್ಷದ ನೆರೆ

'ನೂರು ವರ್ಷದ ನೆರೆ' ಎಂದರೆ ನೂರು ವರ್ಷಕ್ಕೊಮ್ಮೆ ತಪ್ಪದೆ ಬರುವ ನೆರೆ ಎಂದರ್ಥವಲ್ಲ. ಅಷ್ಟು ಅಥವಾ ಅದಕ್ಕಿಂತ ದೊಡ್ಡ ನೆರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭಾವ್ಯತೆ ಶೇ. 1. ಅಂತಹ ನೆರೆಯು ತಲಪುವ ಸ್ಥಳದಲ್ಲಿ 30 ವರ್ಷ ನಿಲ್ಲುವ ಮನೆಯು ಒಮ್ಮೆಯಾದರೂ ಅದಕ್ಕೆ ಸಿಲುಕುವ ಸಂಭಾವ್ಯತೆ ಸುಮಾರು ಶೇ. 26.

ಮಿತಿಗಳು

ಮಾದರಿಯ ಫಲಿತಾಂಶವನ್ನು ಹಿಂದಿನ ನೆರೆಗಳೊಂದಿಗೆ ಹೋಲಿಸಿ ಸರಿಪಡಿಸದೆ ನಂಬಲಾಗದು. ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಆದರೆ 1923ರ ನೆರೆಯು ಆಯೋಗದ ಸ್ಥಾಪನೆಗೂ ಹಿಂದಿನದು. ಆದ್ದರಿಂದ ಹಳೆಯ ಕಟ್ಟಡಗಳ ಮೇಲೆ ನೆರೆಯ ಗುರುತುಗಳಿದ್ದರೆ ಅವೂ ಅಮೂಲ್ಯ ದತ್ತಾಂಶವಾಗುತ್ತವೆ. ಭೂಕುಸಿತದಿಂದ ಬರುವ ಮಣ್ಣು, ಬಂಡೆ, ಮರದ ದಿಮ್ಮಿಗಳು ಸೇತುವೆಯ ಕಂಡಿಗಳನ್ನು ಮುಚ್ಚಿದರೆ, ಸ್ವಚ್ಛ ನೀರಿನ ಹರಿವನ್ನಷ್ಟೇ ಪರಿಗಣಿಸಿದ ಲೆಕ್ಕಕ್ಕಿಂತ ನೀರು ಮೇಲೇರಬಹುದು.

ಉಪಯೋಗ

ಬೇರೆ ಬೇರೆ ಮಟ್ಟದ ನೆರೆಗಳಿಗೆ ಮುಳುಗಡೆ ನಕ್ಷೆಗಳನ್ನು ಮೊದಲೇ ಸಿದ್ಧಪಡಿಸಿದರೆ, ಯಾವ ಮನೆಗಳನ್ನು ಮೊದಲು ತೆರವುಗೊಳಿಸಬೇಕು, ಯಾವ ರಸ್ತೆ ಮೊದಲು ಕಡಿತಗೊಳ್ಳುತ್ತದೆ, ಕಾಳಜಿ ಕೇಂದ್ರವನ್ನು ಎಲ್ಲಿ ತೆರೆಯಬೇಕು ಎಂಬುದನ್ನು ಮಳೆಗಾಲಕ್ಕೆ ಮುನ್ನವೇ ನಿರ್ಧರಿಸಬಹುದು.